ಬಾಲ್ಕನಿಗೆ ಹಾಕಿದ ಮಡಿ ಪಂಚೆ

ಒಂದು ಪಂಚೆಯಿಂದಾಗಿ ನಾವು ಇಡೀ ಬ್ಲಾಕಿನವರ ಕಣ್ಣಿಗೆ ಊಟಕ್ಕೆ ಗತಿಯಿಲ್ಲದವರಾಗಿಬಿಟ್ಟೆವು. ಇದನ್ನು ನಾನು ಆಮೇಲೆ ಎಷ್ಟೋ ಜನರ ಮುಂದೆ ನಗುನಗುತ್ತಾ ಹೇಳಿದ್ದೇನೆ. ಹೇಳುವುದು ನನಗೆ ಚೆನ್ನಾಗಿ ಬರುತ್ತೆ, ಎಲ್ಲಿ ನಿಲ್ಲಿಸಬೇಕು ಅನ್ನುವುದೂ ಗೊತ್ತು. ಜನ ನಗುವಷ್ಟು ಹೇಳಿ ನಿಲ್ಲಿಸುತ್ತೇನೆ. ಅದರಾಚೆಯದನ್ನು ಹೇಳುವುದಕ್ಕೆ ಇಷ್ಟು ದಿನ ಮನಸ್ಸು ಬಂದಿರಲಿಲ್ಲ.

ಮೈಸೂರಿನಿಂದ ನಾವು ಪೆಟಾಲಿಂಗ್ ಜಯಾಗೆ ಬಂದದ್ದು ಕೊರೊನಾಕ್ಕೆ ನಾಲ್ಕು ತಿಂಗಳು ಮುಂಚೆ. ನಾನು, ನನ್ನ ಗಂಡ, ಏಳು ವರ್ಷದ ಮಗಳು. ಮಲೇಷ್ಯಾದಲ್ಲಿದ್ದೀವಿ ಅಂದರೆ ಸಾಕು, ಸಾಫ್ಟ್‌ವೇರಾ ಅಂತ ಕೇಳುತ್ತಾರೆ. ಅಲ್ಲ. ನನ್ನ ಗಂಡ ಒಂದು ದೊಡ್ಡ ಹೋಟೆಲಿನಲ್ಲಿ ಏಸಿ ಯಂತ್ರಗಳನ್ನು ನೋಡಿಕೊಳ್ಳುವ ಎಂಜಿನಿಯರ್. ಅತಿಥಿಗಳು ಮೇಲೆ ಕಂಬಳಿ ಹೊದ್ದು ಮಲಗಲಿ ಅಂತ ಇವರು ಕೆಳಗೆ ನೆಲಮಾಳಿಗೆಯಲ್ಲಿ ಬೆವರು ಸುರಿಸುತ್ತಿದ್ದರು. ಕನ್ನಡದ ಸಾಫ್ಟ್‌ವೇರಿನವರು ಬಹಳಷ್ಟು ಜನ ಮಾಂಟ್ ಕಿಯಾರಾದಲ್ಲಿ ಈಜುಕೊಳ ಇರೋ ಕಡೆ ಇದ್ದರು. ನಮ್ಮದು ಹಳೇ ಕಾಂಡೋ, ಹನ್ನೊಂದನೇ ಮಹಡಿ, ಎರಡು ಲಿಫ್ಟಿನಲ್ಲಿ ಒಂದು ಸದಾ ಕೆಟ್ಟಿರೋದು.

ಹೊರಡುವ ಹಿಂದಿನ ದಿನ ಮೈಸೂರಿನಲ್ಲಿ ಎಲ್ಲರೂ ಊಟಕ್ಕೆ ಕೂತಿದ್ದಾಗ ನನ್ನ ಗಂಡನ ಅಣ್ಣ, ಅಂದರೆ ನಮ್ಮ ಭಾವ, ಒಂದು ಮಾತು ಅಂದರು. "ಕಾಲೂರಿರೋ ಕೆಲಸ ಬಿಟ್ಟು ಹೋಗ್ತಿದ್ದೀಯ. ನಾಳೆ ಕೈ ಸುಟ್ಕೊಂಡು ಬಂದು ನಮ್ಮ ಬಾಗಿಲಲ್ಲಿ ನಿಲ್ಬೇಡ." ನನ್ನ ಗಂಡ ತಲೆ ಬಗ್ಗಿಸಿ ಮೊಸರನ್ನ ಕಲಸುತ್ತಾ ಕೂತರು. ಅವರಿಗೆ ದೇವರು ಬಾಯಿ ಕೊಟ್ಟಿದ್ದೇ ಉಣ್ಣುವುದಕ್ಕೆ. ನನಗೆ ಎರಡಕ್ಕೂ ಕೊಟ್ಟಿದ್ದಾನೆ. "ನಿಲ್ಲಲ್ಲ ಬಿಡಿ ಭಾವ. ನಿಂತ್ರೆ ಆವತ್ತು ಕೇಳಿ," ಅಂದೆ. ಅತ್ತೆ ಬಡಿಸುತ್ತಿದ್ದವರು ಸೌಟು ಹಿಡಿದುಕೊಂಡು ನನ್ನನ್ನೇ ನೋಡಿದರು. ಆಮೇಲೆ ನಡೆದದ್ದಕ್ಕೆಲ್ಲ ಮೂಲ ನನ್ನ ಈ ಬಾಯಿಯೇ.

ಮೊದಲ ನಾಲ್ಕು ತಿಂಗಳು ಚೆನ್ನಾಗಿತ್ತು. ಎಲ್ಲಿ ಕೊತ್ತಂಬರಿ ಸೊಪ್ಪು ಸಿಗುತ್ತೆ, ಯಾವ ಮಾಮಕ್, ಅಂದರೆ ತಮಿಳು ಮುಸ್ಲಿಮರ ಹೋಟೆಲಿನವನು ಚಹಾಕ್ಕೆ ಕಡಿಮೆ ಸಕ್ಕರೆ ಹಾಕುತ್ತಾನೆ, ಯಾವ ಮಾತಿನ ಕೊನೆಗೆ ಲಾ ಸೇರಿಸಿದರೆ ಜನ ನಗುತ್ತಾರೆ, ಎಲ್ಲ ಕಲಿತೆ. ನಾಲ್ಕನೇ ಮಹಡಿಯಲ್ಲಿದ್ದ ಒಬ್ಬ ತಮಿಳು ಆಂಟಿ ನನ್ನನ್ನು ಸಂತೆಗೆ ಕರೆದುಕೊಂಡು ಹೋಗಿ ಒಂದೊಂದೇ ಸೊಪ್ಪಿನ ಹೆಸರು ಹೇಳಿಕೊಟ್ಟರು. ಅವರ ಅಜ್ಜಂದಿರು ರಬ್ಬರ್ ತೋಟಕ್ಕೆ ಬಂದವರಂತೆ. ನಮ್ಮ ಎದುರು ಮನೆಯಲ್ಲಿ ಒಬ್ಬ ಮಲಯ್ ಹೆಂಗಸು, ಅರವತ್ತು ದಾಟಿದವರು. ಅಲ್ಲಿಯವರ ಹಾಗೆ ನಾನೂ ಅವರನ್ನು ಮಕ್ಚಿಕ್ ಅನ್ನುತ್ತಿದ್ದೆ, ನಮ್ಮಲ್ಲಿ ಚಿಕ್ಕಮ್ಮ ಅಂದ ಹಾಗೆ. ಊರು ಕಾಲಿಗೆ ಹತ್ತಿಕೊಳ್ಳುವ ಹೊತ್ತಿಗೆ ಸರಿಯಾಗಿ ಎಲ್ಲ ಬಾಗಿಲೂ ಮುಚ್ಚಿಕೊಂಡವು.

ಮುಚ್ಚಿದ್ದು, ತೆರೆದದ್ದು, ಮತ್ತೆ ಮುಚ್ಚಿದ್ದು ಹೇಳುತ್ತಾ ಹೋದರೆ ಮುಗಿಯಲ್ಲ. ಮೊದಲ ವರ್ಷ ಹೋಟೆಲಿನವರು ಅರ್ಧ ಸಂಬಳ ಕೊಟ್ಟರು. ಎರಡನೇ ವರ್ಷ, ಎರಡು ಸಾವಿರದ ಇಪ್ಪತ್ತೊಂದರ ನಡುವೆ, ಊರು ಮತ್ತೆ ಪೂರ್ತಿ ಬಂದ್ ಆದಾಗ, ಸಂಬಳವಿಲ್ಲದ ರಜೆ ಅಂದರು. ಕೆಲಸದಿಂದ ತೆಗೆದಿಲ್ಲ, ಗಮನಿಸಿ, ರಜೆ. ಕೈಯಲ್ಲಿದ್ದ ಕೆಲಸದ ಪಾಸು ಆ ಒಂದು ಹೋಟೆಲಿಗೆ ಅಂಟಿಕೊಂಡದ್ದು, ಹಾಗಾಗಿ ಬೇರೆ ಕಡೆ ದುಡಿಯುವ ಹಾಗಿಲ್ಲ. ಊರಿಗೆ ಹೋದರೆ ವಾಪಸ್ ಬಿಟ್ಟುಕೊಳ್ಳುವುದಿಲ್ಲ. ಹೋಗುವುದಾದರೂ ಎಲ್ಲಿಗೆ? ಭಾವನ ಬಾಗಿಲಿಗೆ.

ಹಾಗಾಗಿ ಒಂದು ತೀರ್ಮಾನ ಮಾಡಿದೆ. ಮಾಡಿದ್ದು ನಾನೇ, ಗಂಡನನ್ನು ಕೇಳಲಿಲ್ಲ. ಹೋಟೆಲ್ ತೆರೆಯುವವರೆಗೆ ಹೇಗೋ ಹಲ್ಲು ಕಚ್ಚಿಕೊಂಡು ಇರೋದು, ಒಂದು ನರಪಿಳ್ಳೆಗೂ ತಿಳಿಯಬಾರದು. ಇದ್ದದ್ದರಲ್ಲಿ ಬಾಡಿಗೆ ಮೊದಲು, ಹೊಟ್ಟೆ ಆಮೇಲೆ. ಅತ್ತೆ ದಿನಾ ಸಂಜೆ ಫೋನ್ ಮಾಡುತ್ತಿದ್ದರು. ಅವರ ಮೊದಲ ಪ್ರಶ್ನೆ ಯಾವಾಗಲೂ, "ಏನು ಅಡುಗೆ ಮಾಡಿದ್ದೆ?" ನಾನು ಶುರುಮಾಡುತ್ತಿದ್ದೆ. ಬಿಸಿಬೇಳೆಬಾತು, ಮೇಲೆ ಹುರಿದ ಗೋಡಂಬಿ. ಮಾರನೇ ದಿನ ಬದನೆಕಾಯಿ ಎಣ್ಣೆಗಾಯಿ. ಭಾನುವಾರ ಪೂರಿ ಸಾಗು, ಸಾಗುವಿಗೆ ಇಲ್ಲಿಯ ತೆಂಗಿನಕಾಯಿ ಎಷ್ಟು ಚೆನ್ನಾಗಿರುತ್ತೆ ಗೊತ್ತಾ ಅತ್ತೆ. ಬಾಯಲ್ಲಿ ನೀರು ಬರುವ ಹಾಗೆ ಹೇಳುತ್ತಿದ್ದೆ, ಬರುತ್ತಿದ್ದದ್ದು ನನ್ನ ಬಾಯಲ್ಲೇ. ಒಲೆ ಮೇಲೆ ಎಲೆಕೋಸಿನ ತಿಳಿ ಸಾರು ಇರುತ್ತಿತ್ತು. ಅದೇ ಎಲೆಕೋಸು ನಾಲ್ಕು ದಿನ ಬರಬೇಕು. ಮಗಳು ಪಕ್ಕದಲ್ಲೇ ಕೂತು ಬಣ್ಣ ಹಚ್ಚುತ್ತಾ ಎಲ್ಲ ಕೇಳಿಸಿಕೊಳ್ಳುತ್ತಿದ್ದಳು. ಮಾತು ಈಚೆಗೆ ಇಂಗ್ಲಿಷಿಗೆ ತಿರುಗಿದ್ದರೂ ಕನ್ನಡ ಅವಳಿಗೆ ಚೆನ್ನಾಗಿ ಅರ್ಥವಾಗುತ್ತಿತ್ತು. ಅವಳ ಕಡೆ ನನ್ನ ಲಕ್ಷ್ಯವೇ ಇರಲಿಲ್ಲ.

ನನ್ನ ಗಂಡ ಮನೆಯಲ್ಲಿ ಕೂತು ಕೂತು ಕಂಡಕಂಡದ್ದನ್ನೆಲ್ಲ ರಿಪೇರಿ ಮಾಡತೊಡಗಿದರು. ಫ್ಯಾನು ಬಿಚ್ಚಿದರು, ಮಿಕ್ಸಿ ಬಿಚ್ಚಿದರು, ಚೆನ್ನಾಗಿಯೇ ಇದ್ದ ಗೋಡೆ ಗಡಿಯಾರವನ್ನೂ ಬಿಚ್ಚಿದರು. ಊಟಕ್ಕೆ ಕರೆದರೆ, ನಂಗೆ ಈಗ ಬೇಡ, ನೀವಿಬ್ರೂ ಮಾಡಿ ಅನ್ನೋರು. ಯಾಕೆ ಬೇಡ ಅಂತ ನನಗೆ ಗೊತ್ತಿತ್ತು. ಗೊತ್ತಿದ್ದೂ ರೇಗುತ್ತಿದ್ದೆ. "ತಿನ್ನಿ, ನಿಮ್ಮ ಉಪವಾಸದಿಂದ ಹೋಟೆಲ್ ತೆಗೆಯಲ್ಲ," ಅಂತ ಒಂದು ದಿನ ತಟ್ಟೆಯನ್ನು ಕುಕ್ಕಿದೆ. ಅವರು ಎದ್ದು ಬಂದು ಮಾತಾಡದೆ ಉಂಡರು. ಈ ಮನುಷ್ಯ ಒಂದು ಸಲ ತಿರುಗಿಸಿ ಬೈದಿದ್ದರೂ ನನ್ನ ಮನಸ್ಸು ಹಗುರವಾಗುತ್ತಿತ್ತು.

ಇಂಥದ್ದರ ನಡುವೆ ನಮ್ಮ ಮಾವನ ತಿಥಿ ಬಂತು. ಮಾಡಿಸುವುದಕ್ಕೆ ಪುರೋಹಿತರು ಮೈಸೂರಿನಿಂದ ವಿಡಿಯೋ ಕಾಲಿನಲ್ಲಿ ಸಿಗುತ್ತೇನೆ ಅಂದರು. ಆ ವರ್ಷ ಊರಿನಲ್ಲಿ ಸಾವುಗಳೇ ಸಾವು, ಅವರಿಗೆ ಉಸಿರಾಡಲು ಪುರುಸೊತ್ತಿರಲಿಲ್ಲ. ಹನ್ನೆರಡೂವರೆಗೆ ನಮಗೆ ಸಮಯ ಕೊಟ್ಟರು. ಊಟಕ್ಕೆ ಯಾರನ್ನೂ ಕರೆಯುವ ಹಾಗಿಲ್ಲವಲ್ಲ ಅಂತ ಕೇಳಿದ್ದಕ್ಕೆ, "ಸ್ವಯಂಪಾಕ ಕೊಟ್ಟುಬಿಡಿ, ಸಾಕು," ಅಂದರು. ಬಡಿಸುವ ಬದಲು ಅಕ್ಕಿ, ಬೇಳೆ, ತರಕಾರಿ, ಬೆಲ್ಲ ಹಸಿಯಾಗಿಯೇ ತಟ್ಟೆಯಲ್ಲಿಟ್ಟು ದಾನ ಕೊಡುವುದಕ್ಕೆ ನಮ್ಮಲ್ಲಿ ಸ್ವಯಂಪಾಕ ಅನ್ನುತ್ತೇವೆ, ತೆಗೆದುಕೊಂಡವರು ತಾವೇ ಬೇಯಿಸಿಕೊಳ್ಳಲಿ ಅಂತ. ನಾನು ಒಂದು ವಾರದಿಂದ ಎರಡು ಹಿಡಿ, ಮೂರು ಹಿಡಿ ಅಕ್ಕಿ ಬೇರೆ ಡಬ್ಬಿಗೆ ಎತ್ತಿಡುತ್ತಾ ಬಂದೆ. ನಮ್ಮ ಹೊಟ್ಟೆಯಿಂದ ತೆಗೆದ ಅಕ್ಕಿಯೇ ಅದು, ಆದರೂ ಮಾವನ ಕೆಲಸ ಬಿಡುವ ಹಾಗಿರಲಿಲ್ಲ. ಕೊಡುವ ಕೈ ಇನ್ನೂ ನಮ್ಮದೇ ಅಂತ ನನಗೊಂದು ಸಮಾಧಾನವೂ ಇತ್ತು.

ತಿಥಿ ಮಾಡುವವರು ಮಡಿ ಪಂಚೆ ಉಡಬೇಕು. ಹಿಂದಿನ ದಿನವೇ ಅದನ್ನು ಒಗೆದು, ಬೇರೆ ಬಟ್ಟೆ ತಾಗದ ಕಡೆ ಒಣಹಾಕಬೇಕು, ಮರುದಿನ ಸ್ನಾನ ಮಾಡಿ ಬಂದು ಅವರೇ ತೆಗೆದು ಉಡಬೇಕು. ಅಲ್ಲಿಯವರೆಗೆ ಬೇರೆ ಯಾರೂ ಮುಟ್ಟುವಂತಿಲ್ಲ. ಮಧ್ಯಾಹ್ನ ಮೂರು ಗಂಟೆಗೆ ನನ್ನ ಗಂಡ ಪಂಚೆ ಹಿಂಡಿಕೊಂಡು ಬಂದು ಬಾಲ್ಕನಿಯ ಕಂಬಿಗೆ ಉದ್ದಕ್ಕೆ ಹರಡಿದರು. ಕ್ಲಿಪ್ಪು ಹಾಕಿದರು. ಬಿಳೀ ಪಂಚೆ, ಅಂಚು ಕೂಡ ಸಣ್ಣದು. ನಮ್ಮ ಕಾಂಡೋದಲ್ಲಿ ರಸ್ತೆ ಕಡೆಯ ಬಾಲ್ಕನಿಗೆ ಬಟ್ಟೆ ಹಾಕಬಾರದು ಅಂತ ನಿಯಮ ಇತ್ತು. ಒಂದು ದಿನಕ್ಕೆ ಯಾರು ಕೇಳುತ್ತಾರೆ ಅಂತ ನಾನೂ ಬಿಟ್ಟೆ.

ಸಂಜೆ ಆರರ ಹೊತ್ತಿಗೆ ಬೆಲ್ ಆಯಿತು. ತೆಗೆದರೆ ಯಾರೂ ಇಲ್ಲ, ಬಾಗಿಲಲ್ಲಿ ಒಂದು ಕೆಂಪು ಪ್ಲಾಸ್ಟಿಕ್ ಚೀಲ. ಐದು ಕೇಜಿ ಅಕ್ಕಿ, ಎಣ್ಣೆ, ಈರುಳ್ಳಿ, ಎರಡು ಡಬ್ಬಿ ಮೀನು, ಒಂದು ಟ್ರೇ ಮೊಟ್ಟೆ. ಯಾರೋ ತರಿಸಿಕೊಂಡ ದಿನಸಿ, ತಂದವನು ಮನೆ ತಪ್ಪಿದ್ದಾನೆ ಅಂದುಕೊಂಡೆ. ನಾಳೆ ತಿಥಿ, ಬಾಗಿಲಿಗೆ ಮೀನು ಮೊಟ್ಟೆ ಬಂದು ಕೂತಿದೆ, ನನ್ನ ಗ್ರಹಚಾರ. ಕಾಲಿನಲ್ಲೇ ಮೆಲ್ಲಗೆ ತಳ್ಳಿ ಚಪ್ಪಲಿ ಸ್ಟ್ಯಾಂಡಿನ ಪಕ್ಕಕ್ಕೆ ಸರಿಸಿದೆ. ಹುಡುಕಿಕೊಂಡು ಬಂದು ತಗೊಂಡು ಹೋಗುತ್ತಾರೆ ಅಂತ ಗಂಡನಿಗೆ ಹೇಳಿದೆ. ಅವರು ಹೂಂ ಅಂದರು.

ಬೆಳಿಗ್ಗೆ ಬಾಗಿಲು ತೆಗೆದರೆ ಒಂದಿದ್ದ ಚೀಲ ಮೂರಾಗಿತ್ತು. ನಾನು ಕಣ್ಣುಬಾಯಿ ಬಿಟ್ಟುಕೊಂಡು ನಿಂತಿರುವಾಗಲೇ ಎದುರು ಮನೆಯ ಮಕ್ಚಿಕ್ ಮಾಸ್ಕು ಏರಿಸಿಕೊಳ್ಳುತ್ತಾ ಹೊರಗೆ ಬಂದರು. "ಸುದಾ ಮಕಾನ್?" ಅಂತ ಕೇಳಿದರು. ಊಟ ಆಯ್ತಾ ಅಂತ. ನಮ್ಮ ಹಾಗೆಯೇ ಅವರೂ ಎದುರಿಗೆ ಸಿಕ್ಕವರನ್ನು ಮೊದಲು ಕೇಳುವುದು ಅದನ್ನೇ. ಬೇರೆ ದಿನವಾಗಿದ್ದರೆ ಆಯ್ತು ಅನ್ನುತ್ತಿದ್ದೆ, ಆಗಿರಲಿ ಬಿಡಲಿ. ಅವತ್ತು ತಿಥಿ, ಪಿಂಡ ಇಡುವವರೆಗೆ ಮನೆಯಲ್ಲಿ ಯಾರೂ ತಿನ್ನುವ ಹಾಗಿಲ್ಲ, ಹಿರಿಯರ ಕೆಲಸದ ದಿನ ಸುಳ್ಳು ಯಾಕೆ ಅಂತ, "ಬೆಲುಮ್," ಅಂದೆ. ಇನ್ನೂ ಇಲ್ಲ ಅಂತ. "ನಿನ್ನೆ ಸಂಜೆಯಿಂದ ಇಲ್ಲ," ಅಂತ ಬೇರೆ ಸೇರಿಸಿದೆ, ನಮ್ಮ ಕಟ್ಟುನಿಟ್ಟು ಎಷ್ಟು ಅಂತ ಗೊತ್ತಾಗಲಿ ಅಂತ. ಆಕೆಯ ಕಣ್ಣು ತುಂಬಿಬಿಟ್ಟಿತು. ಸರಸರ ಒಳಗೆ ಹೋಗಿ ಬಾಳೆ ಎಲೆಯಲ್ಲಿ ಕಟ್ಟಿದ ಬಿಸಿ ಅನ್ನದ ಪೊಟ್ಟಣ ತಂದು ನನ್ನ ಕೈಗೆ ತುರುಕಿದರು. ಒಣ ಮೀನಿನ ವಾಸನೆ ಗಮ್ಮಂತ ಬಂತು. ಸ್ನಾನ ಮಾಡಿ ಅಡುಗೆಗೆ ನಿಲ್ಲಬೇಕಾದವಳು ಮೀನಿನ ಅನ್ನ ಹಿಡಿದುಕೊಂಡು ನಿಂತಿದ್ದೆ. ಆಕೆ ಒಳಗೆ ಹೋದ ಮೇಲೆ ಅದನ್ನೂ ಚೀಲಗಳ ಮೇಲಿಟ್ಟು ಬಂದೆ.

ಇದೇನು ಕಥೆ ಅಂತ ತಿಳಿದದ್ದು ತಮಿಳು ಆಂಟಿಯ ಫೋನಿನಿಂದ. "ಯಾಕಮ್ಮಾ ನಂಗೆ ಹೇಳ್ಲಿಲ್ಲ? ನಾನು ಸತ್ತುಹೋಗಿದ್ನಾ?" ಅಂತ ತಮಿಳಿನಲ್ಲಿ ಶುರುಮಾಡಿದರು. ಏನು ಹೇಳಬೇಕಿತ್ತು ಅಂದೆ. "ಬಿಳೀ ಬಾವುಟ ಹಾಕಿದ್ದೀಯಲ್ಲ." ಯಾವ ಬಾವುಟ ಅಂದೆ. ಆಗ ಹೇಳಿದರು. ಮನೆಯಲ್ಲಿ ಊಟಕ್ಕೆ ಇಲ್ಲದವರು, ಬಾಯಿಬಿಟ್ಟು ಕೇಳಲು ನಾಚಿಕೆಯಾದವರು ಕಿಟಕಿಗೋ ಬಾಲ್ಕನಿಗೋ ಒಂದು ಬಿಳೀ ಬಟ್ಟೆ ಕಟ್ಟಬೇಕು, ನೋಡಿದವರು ಕೈಲಾದ್ದು ಕೊಡಬೇಕು ಅಂತ ಊರಿನಲ್ಲೆಲ್ಲ ಶುರುವಾಗಿದೆಯಂತೆ. ಅಂದರೆ ಹನ್ನೊಂದನೇ ಮಹಡಿಯಿಂದ ನಮ್ಮ ಮಾವನ ತಿಥಿಯ ಪಂಚೆ ನಿನ್ನೆ ಮಧ್ಯಾಹ್ನದಿಂದ ಇಡೀ ಬೀದಿಗೆ ನಮಗೆ ಊಟಕ್ಕಿಲ್ಲ ಅಂತ ಸಾರುತ್ತಾ ನಿಂತಿತ್ತು. ಗುಲಾಬಿ ಬಣ್ಣದ ಸೀರೆಯೋ ಹಸಿರು ಟವೆಲ್ಲೋ ಆಗಿದ್ದರೆ ಯಾರೂ ತಿರುಗಿ ನೋಡುತ್ತಿರಲಿಲ್ಲ.

ಮೈಯೆಲ್ಲ ಉರಿದುಹೋಯಿತು. ನಾನು ಎರಡು ತಿಂಗಳು ಹಲ್ಲು ಕಚ್ಚಿಕೊಂಡು ಮುಚ್ಚಿಟ್ಟದ್ದನ್ನು ಒಂದು ಬಟ್ಟೆ ಬೀದಿಗೆ ಹಾಕಿತ್ತು. ಬ್ಲಾಕಿನಲ್ಲಿ ಕನ್ನಡದವರ ಪರಿಚಯ ಇರುವವರು ಇಬ್ಬರಿದ್ದಾರೆ, ಒಂದು ಫೋಟೋ ಹೊಡೆದು ಯಾವುದಾದರೂ ಗ್ರೂಪಿಗೆ ಹಾಕಿದರೆ ಮುಗೀತು, ಸಂಜೆಗೆ ಮೈಸೂರು ಮುಟ್ಟುತ್ತೆ. "ಆಂಟಿ, ಅದು ಬಾವುಟ ಅಲ್ಲ, ವೇಷ್ಟಿ. ಒಣಗೋಕೆ ಹಾಕಿರೋದು," ಅಂದೆ. "ಸರಿ ಮಾ, ಸರಿ," ಅಂದರು, ಮಕ್ಕಳ ಮಾತಿಗೆ ಹೂಂಗುಟ್ಟುವ ದನಿಯಲ್ಲಿ. ಒಂದು ಮಾತನ್ನೂ ನಂಬಿರಲಿಲ್ಲ.

ಬಾಲ್ಕನಿಗೆ ಓಡಿದೆ. ಪಂಚೆಗೆ ಕೈ ಹಾಕಬೇಕು, ಅಲ್ಲೇ ನಿಂತೆ. ಮುಟ್ಟುವ ಹಾಗಿಲ್ಲ. ನನ್ನದಿನ್ನೂ ಸ್ನಾನ ಆಗಿಲ್ಲ, ಆಗಿದ್ದರೂ ಮುಟ್ಟುವ ಹಾಗಿಲ್ಲ, ಮುಟ್ಟಿದರೆ ಮತ್ತೆ ಒಗೆದು ಒಣಗಿಸಬೇಕು, ಹನ್ನೆರಡೂವರೆಗೆ ಪುರೋಹಿತರು ಕಾಯುತ್ತಾರೆ. ಕಣ್ಣೆದುರಿಗೆ ಅದು ಪಟಪಟ ಅನ್ನುತ್ತಿತ್ತು, ನಾನು ಕೈ ಕಟ್ಟಿಕೊಂಡು ನೋಡುತ್ತಿದ್ದೆ. "ರೀ, ಬೇಗ ಸ್ನಾನ ಮಾಡಿ ಅದನ್ನ ತೆಗೀರಿ," ಅಂತ ಕೂಗಿದೆ. ಇವರು ಒಳಗಿನಿಂದ, "ಇರಲಿ ಬಿಡು, ಇನ್ನೂ ಒಣಗಿರಲ್ಲ," ಅಂದರು. ಈ ಬಿಸಿಲಿಗೆ ಕಂಬಳಿಯೇ ಎರಡು ಗಂಟೆಯಲ್ಲಿ ಒಣಗುತ್ತೆ. ಆದರೆ ನನಗೆ ಆಗ ಅದು ಹೊಳೆಯಲಿಲ್ಲ, ಸೋಮಾರಿತನ ಅಂದುಕೊಂಡು ಬಾಯಿಗೆ ಬಂದಂತೆ ಬೈದೆ. ಅವರು ಸ್ನಾನಕ್ಕೆ ಹೋದದ್ದು ಹನ್ನೆರಡಕ್ಕೆ.

ತಿಥಿ ಆಯಿತು. ಮೊಬೈಲನ್ನು ಡಬ್ಬಿಗೆ ಒರಗಿಸಿ ಇಟ್ಟಿದ್ದೆವು, ಪುರೋಹಿತರು ಅಲ್ಲಿಂದ ಮಂತ್ರ ಹೇಳಿದರು, ಇವರು ಇಲ್ಲಿ ಎಳ್ಳುನೀರು ಬಿಟ್ಟರು. ಒಂದು ಬಾಳೆಕಾಯಿ ಪಲ್ಯ, ಸಾರು, ಬೆಲ್ಲ ಕಡಿಮೆಯಾದ ಪಾಯಸ. ಪಿಂಡಕ್ಕೆ ಅನ್ನ ಉಂಡೆ ಕಟ್ಟುವಾಗ ನನ್ನ ಮಗಳು ಆ ಅನ್ನವನ್ನೇ ನೋಡುತ್ತಾ ಕೂತಿದ್ದಳು. ಕೊನೆಗೆ ಪುರೋಹಿತರು, "ಸ್ವಯಂಪಾಕ ಇವತ್ತೇ ಯಾರಿಗಾದರೂ ಕೊಟ್ಟುಬಿಡಿ," ಅಂತ ಹೇಳಿ ಮುಂದಿನ ಮನೆಯ ವಿಡಿಯೋ ಕಾಲಿಗೆ ಹೋದರು.

ತಟ್ಟೆ ಎತ್ತಿಕೊಂಡು ನಾಲ್ಕನೇ ಮಹಡಿಗೆ ಇಳಿದೆ. ಅಕ್ಕಿ, ತೊಗರಿಬೇಳೆ, ಎರಡು ಬಾಳೆಕಾಯಿ, ಒಂದು ಚೂರು ಬೆಲ್ಲ. ಭಕ್ತಿ ಇತ್ತೋ ಇಲ್ಲವೋ, ಹಟವಂತೂ ಇತ್ತು. ನಾವೂ ಕೊಡುವವರೇ ಅಂತ ಆ ಆಂಟಿಗೆ ತೋರಿಸಬೇಕಿತ್ತು. ಅವರು ಬಾಗಿಲು ತೆಗೆದು ತಟ್ಟೆ ನೋಡಿದರು, ನನ್ನ ಮುಖ ನೋಡಿದರು. ಇವತ್ತು ಮಾವನ ತಿಥಿ, ದಾನ, ತಗೊಳ್ಳಿ ಅಂದೆ. ಅವರು ಕೈಯನ್ನೇ ಚಾಚಲಿಲ್ಲ. "ವೇಂಡಾಮ್ಮಾ. ನೀಯೇ ವಚ್ಚುಕ್ಕೋ," ಅಂದರು. ಬೇಡಮ್ಮ, ನೀನೇ ಇಟ್ಟುಕೋ ಅಂತ. ತಗೊಳ್ಳಲೇಬೇಕು ಅಂದೆ. "ಮಗೂಗೆ ಅನ್ನ ಮಾಡಿ ಹಾಕು," ಅಂತ ಬಾಗಿಲು ಮೆಲ್ಲಗೆ ಹಾಕಿಕೊಂಡರು. ದಾನ ಕೇಳಿ ಬೈಸಿಕೊಂಡವರನ್ನು ನೋಡಿದ್ದೇನೆ. ಕೊಡಲು ಹೋಗಿ ವಾಪಸ್ ಬಂದವಳು ನಾನೊಬ್ಬಳೇ ಇರಬೇಕು. ಲಿಫ್ಟಿನ ಕನ್ನಡಿಯಲ್ಲಿ ನನ್ನನ್ನು ನೋಡಿಕೊಂಡೆ. ಮುಖ ಇಳಿದು, ಕುತ್ತಿಗೆಯ ಮೂಳೆ ಎದ್ದು ಕಾಣುತ್ತಿತ್ತು. ಆಂಟಿಗೆ ಬಾವುಟ ಬೇಕೇ ಇರಲಿಲ್ಲ.

ಮನೆಗೆ ಬಂದವಳು ತಟ್ಟೆಯನ್ನು ಮೇಜಿನ ಮೇಲೆ ಕುಕ್ಕಿ ಗಂಡನ ಮೇಲೆ ಬಿದ್ದೆ. "ಎಲ್ಲಾ ಬಿಟ್ಟು ರಸ್ತೆ ಕಡೆಗೇ ಹಾಕಬೇಕಿತ್ತಾ ನಿಮ್ಮ ಪಂಚೆ? ಹೋದ ವರ್ಷ ರೂಮಿನೊಳಗೆ ಹಗ್ಗ ಕಟ್ಟಿ ಒಣಗಿಸಿದ್ರಲ್ಲ, ಈ ಸಲ ಏನಾಗಿತ್ತು ಆ ರೂಮಿಗೆ?"

ಹೇಳುತ್ತಿದ್ದ ಹಾಗೆ ನನ್ನ ಮಾತು ನನಗೇ ಕೇಳಿಸಿತು. ನಿಜವಾಗಿ ಏನಾಗಿತ್ತು ಆ ರೂಮಿಗೆ? ಹಗ್ಗ ಇನ್ನೂ ಅಲ್ಲೇ ಇತ್ತು.

ಅವರು ಪಂಚೆಯಲ್ಲೇ ಕೂತಿದ್ದರು, ನೆಲ ನೋಡುತ್ತಾ. "ನಂಗೆ ಗೊತ್ತಿತ್ತು ಕಣೇ," ಅಂದರು. "ಫೋನಿನಲ್ಲಿ ಓದಿದ್ದೆ. ಬಿಳೀ ಬಟ್ಟೆ ಹಾಕ್ಬೇಕು ಅಂತ. ನಾಕು ದಿನ ಯೋಚನೆ ಮಾಡ್ದೆ. ಬೇರೆ ಬಟ್ಟೆ ಹಾಕಿದ್ರೆ ನೀನು ಕಿತ್ತು ಎಸೀತಿದ್ದೆ. ಇದಾದ್ರೆ ಮುಟ್ಟಲ್ಲ ಅಂತ..." ಹನ್ನೆರಡು ವರ್ಷದ ಸಂಸಾರದಲ್ಲಿ ನನಗೆ ಗೊತ್ತಿಲ್ಲದ ಹಾಗೆ ಈ ಮನುಷ್ಯ ಮಾಡಿದ್ದ ಮೊದಲ ಕೆಲಸ ಅದು. ತಂದೆಯ ತಿಥಿಯ ಪಂಚೆಯನ್ನು ಹಿಡಿದುಕೊಂಡು ಮಾಡಿದ್ದರು.

ನಾಚಿಕೆ ಆಗಲ್ವಾ ನಿಮಗೆ ಅಂದೆ. ಅಂದೆ ಅನ್ನುವುದನ್ನು ಬರೆಯಲೇಬೇಕು. ಅಷ್ಟಕ್ಕೇ ನಿಲ್ಲಿಸಲಿಲ್ಲ, ನಿಮ್ಮಣ್ಣ ಹೇಳಿದ್ದು ಸರಿಯಾಗಿಯೇ ಇತ್ತು ಅಂತಲೂ ಅಂದೆ.

ಅವರು ಆಗ ತಲೆ ಎತ್ತಿದರು. "ಆಗುತ್ತೆ. ಆದ್ರೆ ಮೊನ್ನೆ ಏನಾಯ್ತು ಗೊತ್ತಾ? ಆನ್‌ಲೈನ್ ಕ್ಲಾಸಿನಲ್ಲಿ ಟೀಚರ್ ಎಲ್ಲ ಮಕ್ಕಳನ್ನೂ ಕೇಳ್ತಿದ್ರು, ಬೆಳಿಗ್ಗೆ ಏನು ತಿಂದ್ರಿ ಅಂತ. ನಮ್ಮ ಪುಟ್ಟಿ ಸರದಿ ಬಂತು. ಮಸಾಲೆ ದೋಸೆ ಅಂದ್ಲು. ಚಟ್ನಿ ಹೇಗಿತ್ತು, ಆಲೂಗೆಡ್ಡೆ ಪಲ್ಯ ಹೇಗಿತ್ತು, ಬೆಣ್ಣೆ ಎಷ್ಟು ಹಾಕಿತ್ತು, ಎಲ್ಲ ಹೇಳಿದ್ಲು. ಅವತ್ತು ಬೆಳಿಗ್ಗೆ ಅವಳು ಗಂಜಿ ಕುಡಿದಿದ್ಲು. ನಾನು ಪಕ್ಕದಲ್ಲೇ ಗಡಿಯಾರ ಬಿಚ್ಕೊಂಡು ಕೂತಿದ್ದೆ. ಒಂಚೂರೂ ತಡವರಿಸಲಿಲ್ಲ ಕಣೇ ಮಗು. ಥೇಟ್ ನೀನು ಅಮ್ಮನ ಹತ್ರ ಹೇಳೋ ಹಾಗೇ ಹೇಳಿದ್ಲು."

ನಾನು ಕುರ್ಚಿ ಹುಡುಕಿಕೊಂಡು ಕೂತೆ. ಒಳಗಿನ ಕೋಣೆಯಲ್ಲಿ ಮಗಳು ಏನೋ ಗುನುಗುತ್ತಿದ್ದದ್ದು ಕೇಳಿಸುತ್ತಿತ್ತು. ಗಂಡ ಕಾಣದ ಹಾಗೆ ಮೂಗು ಒರೆಸಿಕೊಂಡರು. ನಾನು ಕಾಣುವ ಹಾಗೆಯೇ ಅತ್ತುಬಿಟ್ಟೆ. ಎಷ್ಟು ಹೊತ್ತೋ ಗೊತ್ತಿಲ್ಲ.

ಆಮೇಲೆ ಎದ್ದು ಬಾಗಿಲು ತೆಗೆದು ಮೂರೂ ಚೀಲಗಳನ್ನು ಒಳಗೆ ತಂದೆ. ಮಕ್ಚಿಕ್ ತಮ್ಮ ಬಾಗಿಲಲ್ಲಿ ಚಪ್ಪಲಿ ಜೋಡಿಸುತ್ತಿದ್ದವರು ನೋಡಿದರು, ನೋಡಿಯೂ ನೋಡದವರ ಹಾಗೆ ಒಳಗೆ ಹೋದರು. ಆಕೆ ಕೊಟ್ಟ ಪೊಟ್ಟಣವನ್ನೂ ಮೀನಿನ ಡಬ್ಬಿಗಳನ್ನೂ ಬಾಗಿಲು ತಟ್ಟಿ ಆಕೆಗೇ ಕೊಟ್ಟೆ. ನಾವು ಮೀನು ತಿನ್ನಲ್ಲ, ಉಳಿದದ್ದು ಇಟ್ಟುಕೊಂಡಿದ್ದೀವಿ, ತೆರಿಮಾ ಕಾಸಿ ಅಂದೆ. ಉಪಕಾರವಾಯಿತು ಅಂತ. ಮೊಟ್ಟೆಯ ಟ್ರೇ ಮಾತ್ರ ನನ್ನ ಕೈಯಲ್ಲೇ ಉಳಿಯಿತು. ತಿಥಿಯ ದಿನ ಅಡುಗೆಮನೆಗೆ ತರುವುದಕ್ಕೆ ಮನಸ್ಸಾಗದೆ ವಾಷಿಂಗ್ ಮೆಷಿನ್ ಮೇಲೆ ಇಟ್ಟೆ. ವಾಪಸ್ ಕೊಡುವುದಕ್ಕೂ ಯಾಕೋ ಆಗಲಿಲ್ಲ.

ಸಂಜೆ ಅತ್ತೆಯ ಫೋನ್ ಬಂತು. ಅವರ ಯಜಮಾನರ ತಿಥಿ, ದನಿ ಸ್ವಲ್ಪ ಭಾರವಾಗಿತ್ತು. "ಎಲ್ಲಾ ಚೆನ್ನಾಗಿ ಆಯ್ತೇನಮ್ಮಾ? ಇಲ್ಲೂ ದೊಡ್ಡವನು ಮಾಡಿದ. ವಡೆ ಮಾಡಿದ್ಯಾ ನೀನು? ಅವರಿಗೆ ವಡೆ ಅಂದ್ರೆ ಪ್ರಾಣ." ಮಾಡಿದ್ದೆ ಅನ್ನುವ ಮಾತು ತುದಿನಾಲಿಗೆಗೆ ಬಂದಿತ್ತು. ವಡೆ ಎಷ್ಟು ಗರಿಯಾಗಿತ್ತು ಅಂತಲೂ ಹೇಳುತ್ತಿದ್ದೆ. ಮಗಳು ಎಂದಿನ ಹಾಗೆ ಪಕ್ಕದಲ್ಲಿ ಕೂತು ಬಣ್ಣ ಹಚ್ಚುತ್ತಿದ್ದಳು. ಪೆನ್ಸಿಲ್ ನಿಲ್ಲಿಸಿ ನನ್ನ ಬಾಯನ್ನೇ ನೋಡುತ್ತಿದ್ದಳು, ಇವತ್ತು ಏನು ಹೇಳುತ್ತಾಳೆ ಅಮ್ಮ ಅಂತ.

"ಇಲ್ಲ ಅತ್ತೆ," ಅಂದೆ.

"ಹೋಗ್ಲಿ ಬಿಡು. ಸ್ವಯಂಪಾಕ ಯಾರಿಗೆ ಕೊಟ್ರಿ?"

"ಯಾರಿಗೂ ಕೊಡ್ಲಿಲ್ಲ. ನಾವೇ ತಗೊಂಡ್ವಿ."

ಅತ್ತೆಗೆ ಅರ್ಥವಾಗಲಿಲ್ಲ. ತಿಥಿ ಮಾಡಿದ ಮನೆಯವರು ಸ್ವಯಂಪಾಕ ತಗೊಳ್ಳುವುದು ಅಂದರೇನು? ಆಗ ಎಲ್ಲ ಹೇಳಿದೆ. ಹೋಟೆಲ್, ರಜೆ, ಎಲೆಕೋಸು, ಎರಡು ತಿಂಗಳಿನ ಬಿಸಿಬೇಳೆಬಾತು. ಪಂಚೆಯದೂ ಹೇಳಿದೆ, ಮಗ ಬೇಕೆಂದೇ ಹಾಕಿದ್ದು ಅನ್ನುವುದನ್ನು ಮಾತ್ರ ಬಿಟ್ಟು. ಈಗ ಭಾವನನ್ನು ಕರೆಯುತ್ತಾರೆ, ಫೋನು ಅವರ ಕೈಗೆ ಹೋಗುತ್ತೆ, ಅವರು ನೋಡಿದ್ಯಾ ಅನ್ನುತ್ತಾರೆ ಅಂತ ಕಾದೆ. ಅನ್ನಲಿ, ಅನ್ನಿಸಿಕೊಳ್ಳೋಣ ಅಂತ ಗಟ್ಟಿ ಮಾಡಿಕೊಂಡು ಕೂತೆ.

"ಏನೇನು ಕೊಟ್ಟಿದ್ದಾರೆ?" ಅಂತ ಅತ್ತೆ ಕೇಳಿದರು.

ಅಕ್ಕಿ ಅಂದೆ, ಎಣ್ಣೆ ಅಂದೆ, ಈರುಳ್ಳಿ, ಹಾಲಿನ ಪುಡಿ, ಬಿಸ್ಕತ್ತು. ಒಂದು ಟ್ರೇ ಮೊಟ್ಟೆಯೂ ಇದೆ ಅಂದೆ. ಮುಚ್ಚಿಡುವುದು ಅಂತ ಇನ್ನೇನೂ ಉಳಿದಿರಲಿಲ್ಲ.

ಅತ್ತೆ ತಮ್ಮ ಜನ್ಮದಲ್ಲಿ ಮೊಟ್ಟೆ ಮುಟ್ಟಿದವರಲ್ಲ. ಮೊಟ್ಟೆ ಹಾಕಿದ ಕೇಕು ಅಂತ ನಮ್ಮ ಮಗಳ ಮೊದಲ ಹುಟ್ಟುಹಬ್ಬದ ದಿನ ಎದ್ದು ಒಳಗೆ ಹೋಗಿದ್ದವರು.

"ಇವತ್ತು ಬೇಡ," ಅಂದರು. "ನಾಳೆ ಬೆಳಿಗ್ಗೆ ಎದ್ದ ತಕ್ಷಣ ಬೇಯಿಸಿ ಮಗೂಗೆ ಕೊಡು."